ಆ ಪ್ರೇಮಕಥೆಯನ್ನು ಬೀಗದ ಬೀರುವಿನಿಂದ ಹೊರಗೆ ತನ್ನಿ: ಗ್ರಂಥಾಲಯದ ಪುಸ್ತಕ ಸಮಿತಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ, ಸಮಿತಿಯ ಎಲ್ಲ ಸದಸ್ಯರೇ,

ನಮಸ್ಕಾರ. ನಾನು ನಿಮ್ಮ ಗ್ರಂಥಾಲಯದ ಸದಸ್ಯೆ. ಪ್ರೇಮ ಕಾದಂಬರಿಗಳೆಂದರೆ ನನಗೆ ತುಂಬಾ ಇಷ್ಟ. ಆ ವಿಭಾಗದಲ್ಲಿ ಎಲ್ಲರ ಕೈಗೂ ಸಿಗುವ ಹಾಗೆ ಇದ್ದ ಒಂದು ಕಾದಂಬರಿಯನ್ನು ನೀವು ಈಚೆಗೆ ತೆಗೆಸಿ, ಕೌಂಟರಿನ ಹಿಂದಿನ ಬೀರುವಿನಲ್ಲಿಟ್ಟು ಬೀಗ ಹಾಕಿಸಿದ್ದೀರಿ. ಅದು ಇಬ್ಬರು ಹೆಣ್ಣುಮಕ್ಕಳ ಪ್ರೇಮಕಥೆ. ಅದನ್ನು ಮೊದಲಿದ್ದ ಜಾಗದಲ್ಲೇ ಮತ್ತೆ ಇಡಿ ಎಂದು ಕೇಳಲು ಈ ಪತ್ರ. ಇದೇ ಮಾತನ್ನು ಮೊದಲು ನಿಮಗಷ್ಟೇ ಬರೆದು ಕೊಟ್ಟಿದ್ದೆ. ಉತ್ತರ ಬರಲಿಲ್ಲ. ಹಾಗಾಗಿ ಈಗ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ. ಪುಸ್ತಕದ ಹೆಸರನ್ನು ಬೇಕೆಂದೇ ಹಾಕಿಲ್ಲ. ಇವತ್ತು ಈ ಪುಸ್ತಕಕ್ಕೆ ಆಗಿದ್ದು ನಾಳೆ ಇನ್ನೊಂದಕ್ಕೂ ಆಗಬಹುದು, ಮಾತು ಆ ಪದ್ಧತಿಯ ಬಗ್ಗೆ ನಡೆಯಲಿ ಅಂತ.

ನಾನು ಕಣ್ಣಾರೆ ಕಂಡಿದ್ದನ್ನು ಮೊದಲು ಹೇಳುತ್ತೇನೆ. ಓದುಗರೊಬ್ಬರು ಪುಸ್ತಕದ ಹಿಂಬದಿಯ ಪರಿಚಯ ಓದಿ ದೂರು ಕೊಟ್ಟರು. ಓದುಗರನ್ನೂ ಕರೆದಿದ್ದ ಸಭೆಯಲ್ಲಿ ನಾನಿದ್ದೆ. ಒಳಗಿನ ಪುಟಗಳನ್ನು ಓದಿಲ್ಲ ಅಂತ ದೂರು ಕೊಟ್ಟವರೇ ಅಲ್ಲಿ ಹೇಳಿದರು. ಸಮಿತಿಯಲ್ಲಿ ಯಾರು ಪೂರ್ತಿ ಓದಿದ್ದೀರಿ ಎಂದು ಒಬ್ಬರು ಕೇಳಿದಾಗ ಯಾರೂ ಕೈ ಎತ್ತಲಿಲ್ಲ. ಆದರೂ ‘ವಿಷಯ ಸೂಕ್ಷ್ಮ’ ಎಂಬ ಎರಡು ಪದದ ಕಾರಣ ಕೊಟ್ಟು ಪುಸ್ತಕವನ್ನು ಒಳಗಿಡಲು ತೀರ್ಮಾನಿಸಿದಿರಿ. ಸೂಕ್ಷ್ಮ ಅಂದರೆ ಏನು, ಯಾವ ಪುಟ, ಯಾವ ಸಾಲು ಅಂತ ಯಾರೂ ಹೇಳಲಿಲ್ಲ. ಈಗ ಆ ಪುಸ್ತಕ ಬೇಕಾದವರು ಕೌಂಟರಿಗೆ ಹೋಗಿ ಹೆಸರು ಹೇಳಿ ಕೇಳಬೇಕು. ಸಿಬ್ಬಂದಿ ಬೀಗ ತೆಗೆದು ಕೊಡುತ್ತಾರೆ. ಜೊತೆಗೆ, ಬೇರೆ ಯಾವ ಕಾದಂಬರಿಗೂ ಇಲ್ಲದ ಒಂದು ಪ್ರತ್ಯೇಕ ರಿಜಿಸ್ಟರಿನಲ್ಲಿ ಓದುಗರ ಹೆಸರು ಬರೆದುಕೊಳ್ಳುತ್ತಾರೆ. ಸಿಬ್ಬಂದಿಯ ಮೇಲೆ ನನ್ನ ದೂರಿಲ್ಲ. ಅವರು ನೀವು ಹೇಳಿದ್ದನ್ನು ಮಾಡುತ್ತಿದ್ದಾರೆ ಅಷ್ಟೇ, ಅದೂ ಮುಜುಗರಪಡುತ್ತಲೇ.

ನೀವು ಓದಿಲ್ಲವಾದ್ದರಿಂದ ಆ ಕಾದಂಬರಿಯಲ್ಲಿ ಏನಿದೆ ಅಂತ ನಾನೇ ಹೇಳಬೇಕಾಗಿದೆ.

ಕಥಾನಾಯಕಿಗೆ ಇಪ್ಪತ್ತರ ಮಧ್ಯದ ವಯಸ್ಸು. ಪ್ರೀತಿ ಅನ್ನುವುದು ಬೇರೆಯವರಿಗೆ ಆಗುವಂಥದ್ದು, ತನಗಲ್ಲ ಅಂತ ಅಂದುಕೊಂಡು ಕೆಲಸದಲ್ಲಿ ಮುಳುಗಿರುವವಳು. ಅವಳ ಸುತ್ತ ಒಂದು ಗೆಳೆಯರ ಗುಂಪು. ಅದರಲ್ಲಿ ಒಬ್ಬ ಟ್ರಾನ್ಸ್ ಹುಡುಗ ಇದ್ದಾನೆ, ಅಂದರೆ ಹುಟ್ಟಿದಾಗ ಹೆಣ್ಣು ಅಂತ ಗುರುತಿಸಿದ್ದರೂ ಗಂಡಾಗಿ ಬದುಕುವವನು. ಒಂದು ಕಾಲದಲ್ಲಿ ಪ್ರೇಮಿಗಳಾಗಿದ್ದು, ಬೇರೆಯಾದ ಮೇಲೂ ಒಬ್ಬರನ್ನೊಬ್ಬರು ಬಿಟ್ಟುಕೊಡದ ಇಬ್ಬರು ಗಂಡಸರಿದ್ದಾರೆ. ಯಾರ ಮೇಲೂ ದೈಹಿಕ ಆಕರ್ಷಣೆ ಹುಟ್ಟದ, ಹಾಗಂತ ಒಂಟಿಯೂ ಅಲ್ಲದ ಒಬ್ಬಳು ಗೆಳತಿ ಇದ್ದಾಳೆ. ವೀಲ್‌ಚೇರ್ ಬಳಸುವ ಇನ್ನೊಬ್ಬಳಿದ್ದಾಳೆ, ಇಡೀ ಪುಸ್ತಕದಲ್ಲಿ ಅತಿ ಹೆಚ್ಚು ನಗಿಸುವವಳು ಅವಳೇ. ಇವರ ನಡುವೆ ಸಂಜ್ಞಾ ಭಾಷೆ ಕಲಿಸುವ ಒಬ್ಬ ಶಿಕ್ಷಕಿ ಬರುತ್ತಾಳೆ. ನಾಯಕಿ ಅವಳ ತರಗತಿಗೆ ಸೇರುತ್ತಾಳೆ. ತನಗೆ ಕಲಿಯುವ ಆಸೆ ಇರುವುದು ಭಾಷೆಯ ಮೇಲಷ್ಟೇ ಅಂತ ಅವಳು ಬಹಳ ದಿನ ನಂಬಿಕೊಂಡೇ ಇರುತ್ತಾಳೆ. ಓದುಗರಿಗೆ ಅವಳಿಗಿಂತ ಮೊದಲೇ ಗೊತ್ತಾಗುತ್ತದೆ. ಆ ಭಾಗವನ್ನು ಓದುವ ಖುಷಿಯೇ ಬೇರೆ.

ನನಗೆ ಜಾಸ್ತಿ ಹಿಡಿಸಿದ್ದು ಸ್ನೇಹದ ಭಾಗ. ಪ್ರೇಮ ಕಾದಂಬರಿಗಳಲ್ಲಿ ಗೆಳತಿ ಅನ್ನುವವಳು ನಾಯಕಿಯ ಮಾತು ಕೇಳಿಸಿಕೊಳ್ಳಲು ಮಾತ್ರ ಇರುವುದು ಸಾಮಾನ್ಯ. ಇಲ್ಲಿ ಹಾಗಲ್ಲ. ಪ್ರೀತಿಯಲ್ಲಿ ಬಿದ್ದ ಮೇಲೆ ನಾಯಕಿ ಗೆಳೆಯರನ್ನು ಮರೆಯುತ್ತಾಳೆ. ಟ್ರಾನ್ಸ್ ಗೆಳೆಯನ ಆಪರೇಷನ್ ದಿನ ಆಸ್ಪತ್ರೆಗೆ ಬರುತ್ತೇನೆ ಅಂದವಳು ಹೋಗುವುದಿಲ್ಲ. ಅವನು ಕೂಗಾಡುವುದಿಲ್ಲ, ಸುಮ್ನೆ ಫೋನ್ ತೆಗೆಯುವುದನ್ನು ನಿಲ್ಲಿಸುತ್ತಾನೆ. ಮನೆಯವರು ದೂರ ಮಾಡಿದ ಮೇಲೆ ಅವನಿಗೆ ಮನೆಯವರು ಅಂತ ಇದ್ದಿದ್ದು ಈ ಗುಂಪೇ. ಹಾಗಾಗಿ ಅವಳು ಬರದೇ ಇದ್ದಿದ್ದು ಗೆಳತಿಯೊಬ್ಬಳು ಬರಲಿಲ್ಲ ಅನ್ನುವಷ್ಟು ಸಣ್ಣ ಸಂಗತಿಯಲ್ಲ. ಅವರಿಬ್ಬರ ನಡುವೆ ಮತ್ತೆ ಮಾತು ಶುರುವಾಗುವುದಕ್ಕೆ ಲೇಖಕಿ ಪ್ರೇಮಿಗಳ ಜಗಳಕ್ಕಿಂತ ಜಾಸ್ತಿ ಪುಟ ಕೊಟ್ಟಿದ್ದಾರೆ. ಕ್ವಿಯರ್ ಜನರ, ಅಂದರೆ ಸಲಿಂಗಿಗಳು, ಟ್ರಾನ್ಸ್ ಜನ ಮೊದಲಾದವರ ಬದುಕು ಗೊತ್ತಿರುವವರು ಮಾತ್ರ ಹೀಗೆ ಬರೆಯಬಲ್ಲರು. ನಮ್ಮಲ್ಲಿ ಎಷ್ಟೋ ಜನರಿಗೆ ಕಾಯಿಲೆ ಬಿದ್ದಾಗ ಬಂದು ಕೂರುವವರು, ಬಾಡಿಗೆ ಕಟ್ಟಲು ಕಷ್ಟವಾದಾಗ ಕೇಳದೆಯೇ ಸಹಾಯ ಮಾಡುವವರು ಗೆಳೆಯರೇ.

ಇನ್ನು ತನ್ನನ್ನು ತಾನು ಅರಿಯುವ ವಿಷಯ. ನಾಯಕಿಗೆ ಒಂದು ರಾತ್ರಿಯಲ್ಲಿ ಜ್ಞಾನೋದಯ ಆಗುವುದಿಲ್ಲ. ಹಳೆಯದನ್ನೆಲ್ಲ ಮತ್ತೆ ನೆನೆದು ನೋಡುತ್ತಾಳೆ. ಶಾಲೆಯಲ್ಲಿ ಒಬ್ಬ ಗೆಳತಿ ಊರು ಬಿಟ್ಟು ಹೋದಾಗ ತಾನು ಅಷ್ಟು ಅತ್ತಿದ್ದು ಯಾಕೆ, ಹುಡುಗನೊಬ್ಬನ ಜೊತೆ ಓಡಾಡುವಾಗ ಎಲ್ಲ ಸರಿಯಾಗಿದ್ದರೂ ಮನಸ್ಸು ಅಲ್ಲಿ ಇರುತ್ತಿರಲಿಲ್ಲ ಯಾಕೆ, ಹೀಗೆ. ಅರ್ಧ ಅರ್ಥವಾಗುತ್ತದೆ, ಹೆದರಿ ಹಿಂದೆ ಸರಿಯುತ್ತಾಳೆ, ಮತ್ತೆ ಅದಕ್ಕೇ ಬರುತ್ತಾಳೆ. ತನಗೆ ಯಾವ ಹೆಸರು ಹೊಂದುತ್ತದೆ ಅನ್ನುವುದು ಕೊನೆಯವರೆಗೂ ಅವಳಿಗೆ ಪೂರ್ತಿ ಗೊತ್ತಾಗುವುದಿಲ್ಲ. ಯಾರನ್ನು ಪ್ರೀತಿಸುತ್ತಿದ್ದೇನೆ ಅನ್ನುವುದು ಮಾತ್ರ ಗೊತ್ತಾಗುತ್ತದೆ. ಅಷ್ಟು ಸಾಕು ಅಂತ ಗೆಳೆಯರು ಹೇಳುತ್ತಾರೆ. ಕೊನೆಯಲ್ಲಿ ಇಬ್ಬರೂ ಒಟ್ಟಿಗೆ ಇರುತ್ತಾರೆ, ಯಾರೂ ಸಾಯುವುದಿಲ್ಲ.

ನೀವು ಬೀಗ ಹಾಕಿದ್ದು ಇದಕ್ಕೆ.

ಕಾಮದ ವಿವರ ಜಾಸ್ತಿ ಇದೆಯಾ ಅಂದರೆ, ಇಲ್ಲ. ಮುತ್ತುಗಳಿವೆ. ಒಂದು ಕಡೆ ಇಬ್ಬರೂ ಕೋಣೆಗೆ ಹೋಗುತ್ತಾರೆ, ಅಧ್ಯಾಯ ಅಲ್ಲಿಗೇ ಮುಗಿಯುತ್ತದೆ. ಅದೇ ಕಪಾಟಿನಲ್ಲಿ ಈಗಲೂ ಇರುವ ಗಂಡು ಹೆಣ್ಣಿನ ಪ್ರೇಮ ಕಾದಂಬರಿಗಳಲ್ಲಿ ಪುಟಗಟ್ಟಲೆ ವಿವರ ಇರುವ ಪುಸ್ತಕಗಳನ್ನು ನಾನು ನಿಮ್ಮ ಗ್ರಂಥಾಲಯದಿಂದಲೇ ತಂದು ಓದಿದ್ದೇನೆ. ಅವನ್ನೂ ಒಳಗಿಡಿ ಅಂತ ನಾನು ಹೇಳುತ್ತಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ಅವುಗಳಿಗೆ ಇಲ್ಲದ ಬೀಗ ಇದಕ್ಕೆ ಯಾಕೆ ಅಂತ ಮಾತ್ರ ಕೇಳುತ್ತಿದ್ದೇನೆ. ಇಬ್ಬರು ಹೆಂಗಸರು ಅನ್ನುವುದನ್ನು ಬಿಟ್ಟರೆ ನನಗೆ ಬೇರೆ ಕಾರಣ ಕಾಣಲಿಲ್ಲ. ಇದೇನು ಹೊಸದಲ್ಲ. 1928ರಲ್ಲಿ ಲಂಡನ್ನಿನ ನ್ಯಾಯಾಲಯ ರಾಡ್‌ಕ್ಲಿಫ್ ಹಾಲ್ ಎಂಬ ಲೇಖಕಿಯ ಕಾದಂಬರಿಯನ್ನು ಅಶ್ಲೀಲ ಎಂದು ಕರೆದು ಪ್ರತಿಗಳನ್ನು ನಾಶ ಮಾಡಲು ಆದೇಶ ಕೊಟ್ಟಿತು. ಅದರಲ್ಲಿ ಇಬ್ಬರು ಹೆಂಗಸರು ಕೂಡಿದರು ಅನ್ನುವುದಕ್ಕೆ ಇದ್ದಿದ್ದು ಒಂದು ಚಿಕ್ಕ, ಮರೆಮಾಚಿದ ಸಾಲು ಅಷ್ಟೇ. ಆ ಪ್ರೀತಿಯನ್ನು ತಪ್ಪು ಅಂತ ತೋರಿಸಲಿಲ್ಲ ಅನ್ನುವುದೇ ನ್ಯಾಯಾಲಯದ ಆಕ್ಷೇಪವಾಗಿತ್ತು.

ಸುಖಾಂತ್ಯದ ಬಗ್ಗೆಯೂ ಎರಡು ಮಾತು ಹೇಳಬೇಕು. ಸಭೆಯಲ್ಲಿ ಒಬ್ಬ ಸದಸ್ಯರು ‘ದುಃಖಾಂತವಾಗಿದ್ದರೆ ಸಾಹಿತ್ಯ ಅಂತ ಇಟ್ಟುಕೊಳ್ಳಬಹುದಿತ್ತು’ ಅಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದು ಅಂತ ನನಗೆ ಅನ್ನಿಸಲಿಲ್ಲ. ಆದರೆ ನನಗೆ ತುಂಬಾ ನೋವಾಯಿತು, ಯಾಕೆಂದರೆ ಈ ಮಾತಿಗೆ ದೊಡ್ಡ ಚರಿತ್ರೆ ಇದೆ. ಇಂಗ್ಲೆಂಡಿನ ಲೇಖಕ ಇ.ಎಂ. ಫಾರ್ಸ್ಟರ್ ತಮ್ಮ ‘ಮಾರಿಸ್’ ಕಾದಂಬರಿಯನ್ನು ಬರೆದಿದ್ದು 1913-14ರಲ್ಲಿ. ಅದರಲ್ಲಿ ಇಬ್ಬರು ಗಂಡಸರು ಕೊನೆಗೆ ಒಟ್ಟಿಗೆ ಉಳಿಯುತ್ತಾರೆ. ಅದು ಅಚ್ಚಾಗಿದ್ದು 1971ರಲ್ಲಿ, ಅವರು ತೀರಿಕೊಂಡ ಮುಂದಿನ ವರ್ಷ. ಕಥೆ ಸಾವಿನಲ್ಲಿ ಮುಗಿದಿದ್ದರೆ ಪ್ರಕಟಿಸುವುದು ಸುಲಭವಾಗುತ್ತಿತ್ತು ಅಂತ ಅವರೇ ಬರೆದಿಟ್ಟಿದ್ದಾರೆ. 1950ರ ದಶಕದ ಅಮೆರಿಕದಲ್ಲಿ ಹೆಣ್ಣು ಹೆಣ್ಣಿನ ಪ್ರೇಮದ ಅಗ್ಗದ ಪೇಪರ್‌ಬ್ಯಾಕ್‌ಗಳು ರಾಶಿ ರಾಶಿ ಮಾರಾಟವಾದವು. ಅಲ್ಲಿ ನಾಯಕಿಯರಿಗೆ ಹುಚ್ಚು ಹಿಡಿಯಬೇಕಿತ್ತು, ಇಲ್ಲ ಅವರು ಸಾಯಬೇಕಿತ್ತು, ಇಲ್ಲ ಗಂಡಸಿನ ಕಡೆಗೆ ಮರಳಬೇಕಿತ್ತು. ಸುಖಾಂತ್ಯ ಇದ್ದರೆ ಅಂಚೆ ಇಲಾಖೆ ಅಶ್ಲೀಲ ಅಂತ ಹಿಡಿದಿಡುತ್ತದೆ ಅನ್ನುವ ಭಯ ಪ್ರಕಾಶಕರಿಗೆ. 1952ರಲ್ಲಿ ಅಲ್ಲಿನ ಲೇಖಕಿ ಪೆಟ್ರೀಷಿಯಾ ಹೈಸ್ಮಿತ್ ಇಬ್ಬರು ಹೆಂಗಸರ ಪ್ರೇಮಕಥೆಯನ್ನು ಭರವಸೆಯಲ್ಲಿ ಮುಗಿಸಿದಾಗ ತಮ್ಮ ಹೆಸರು ಹಾಕದೆ ಬೇರೆ ಹೆಸರಲ್ಲಿ ತಂದರು. ಆ ಅಂತ್ಯಕ್ಕಾಗಿ ಕೃತಜ್ಞತೆ ಹೇಳಿ ಓದುಗರು ಅವರಿಗೆ ವರ್ಷಗಟ್ಟಲೆ ಕಾಗದ ಬರೆದರು.

ಪ್ರೇಮ ಕಾದಂಬರಿ ಅಂದರೇನೇ ಒಂದು ಭರವಸೆ, ಅಲ್ವಾ? ಎಷ್ಟೇ ಕಷ್ಟ ಬಂದರೂ ಇವರಿಬ್ಬರೂ ಕೊನೆಗೆ ಸೇರುತ್ತಾರೆ ಅನ್ನುವ ನಂಬಿಕೆಯಲ್ಲೇ ನಾವು ಅದನ್ನು ಕೈಗೆ ತೆಗೆದುಕೊಳ್ಳುವುದು. ಬೇರೆ ಎಲ್ಲ ಓದುಗರಿಗೂ ಆ ಭರವಸೆ ಕಪಾಟಿನ ತುಂಬಾ ಇದೆ. ನಮ್ಮಂಥವರಿಗೆ ಮಾತ್ರ, ನೀವು ಅಳುವ ಕಥೆಗೆ ಲಾಯಕ್ಕು, ನಗುವ ಕಥೆಗಲ್ಲ ಅಂತ ಹೇಳಿದ ಹಾಗಾಯಿತು ಅದು.

ಹೌದು, ನಮ್ಮಂಥವರು. ನಾನೂ ಹೆಣ್ಣನ್ನು ಪ್ರೀತಿಸುವ ಹೆಣ್ಣು. ಈ ಪತ್ರದಲ್ಲಿ ಇದನ್ನು ಹೇಳಬೇಕೋ ಬೇಡವೋ ಅಂತ ಯೋಚಿಸಿದೆ. ಹೇಳಿದ್ದೇನೆ, ಏಕೆಂದರೆ ನನಗೆ ಈಗ ಹೇಳುವ ಧೈರ್ಯ ಇದೆ, ನನ್ನ ಜೊತೆ ನಿಲ್ಲುವವರಿದ್ದಾರೆ, ಹೇಳಿದರೆ ನನ್ನ ಕೆಲಸ ಹೋಗುವುದಿಲ್ಲ, ಮನೆಯಿಂದ ಹೊರಗೆ ಹಾಕುವುದಿಲ್ಲ. ಎಲ್ಲರಿಗೂ ಹಾಗಿರುವುದಿಲ್ಲ. ಬೀಗದ ಬೀರು ಮಾಡುವ ನಿಜವಾದ ಕೆಡುಕು ಇಲ್ಲಿದೆ. ಇನ್ನೂ ಯಾರಿಗೂ ಹೇಳದ ಒಬ್ಬ ಹುಡುಗಿ, ತನಗೇ ಇನ್ನೂ ಸ್ಪಷ್ಟ ಆಗದ ಒಬ್ಬ ಹುಡುಗ, ಕೌಂಟರಿನಲ್ಲಿ ನಾಲ್ಕು ಜನರ ಮುಂದೆ ಆ ಪುಸ್ತಕದ ಹೆಸರು ಹೇಳಿ ಕೇಳಬೇಕು. ಆಮೇಲೆ ತಮ್ಮ ಹೆಸರು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆಯುವುದನ್ನು ನಿಂತು ನೋಡಬೇಕು. ಆ ರಿಜಿಸ್ಟರ್ ಯಾರ ಕೈಗೆ ಬೇಕಾದರೂ ಸಿಗಬಹುದು. ಅಮೆರಿಕದ ಗ್ರಂಥಾಲಯ ಸಂಘ 1939ರಲ್ಲೇ ತನ್ನ ನೀತಿಸಂಹಿತೆಯಲ್ಲಿ, ಓದುಗರ ಖಾಸಗಿ ವಿಷಯವನ್ನು ಗುಟ್ಟಾಗಿ ಇಡುವುದು ಗ್ರಂಥಪಾಲಕರ ಕರ್ತವ್ಯ ಎಂದು ಬರೆದುಕೊಂಡಿತು. ನೀವು ಈಗ ಅದಕ್ಕೆ ಪೂರ್ತಿ ವಿರುದ್ಧವಾದ ಒಂದು ಪಟ್ಟಿಯನ್ನೇ ತಯಾರಿಸುತ್ತಿದ್ದೀರಿ. ಅದರಲ್ಲಿರುವವರು ಎಲ್ಲರೂ ಕ್ವಿಯರ್ ಆಗಿರಬೇಕಿಲ್ಲ. ಆದರೆ ನೋಡುವವರು ಹಾಗೇ ಅಂದುಕೊಳ್ಳುತ್ತಾರೆ.

ಕೇಳಿದರೆ ಕೊಡುತ್ತೇವಲ್ಲ, ನಿಷೇಧ ಮಾಡಿಲ್ಲವಲ್ಲ ಎಂದು ನೀವು ಹೇಳಿದಿರಿ. ಪುಸ್ತಕ ಇದೆ ಅಂತಲೇ ಗೊತ್ತಿಲ್ಲದವರು ಹೇಗೆ ಕೇಳುತ್ತಾರೆ? ಕಾದಂಬರಿಗಳು ಓದುಗರಿಗೆ ಸಿಗುವುದೇ ಕಪಾಟಿನ ಮುಂದೆ ನಿಂತು ಒಂದೊಂದನ್ನೇ ತೆಗೆದು ನೋಡುವಾಗ. ಇನ್ನೊಂದು ಅಪಾಯವನ್ನೂ ಯೋಚಿಸಿ. ಯಾರೂ ತೆಗೆದುಕೊಂಡು ಹೋಗದ ಪುಸ್ತಕಗಳನ್ನು ಗ್ರಂಥಾಲಯಗಳು ಕಾಲಕಾಲಕ್ಕೆ ಸಂಗ್ರಹದಿಂದ ತೆಗೆದುಹಾಕುತ್ತವೆ. ಬೀರುವಿನಲ್ಲಿರುವ ಪುಸ್ತಕವನ್ನು ಯಾರೂ ಕೇಳುವುದಿಲ್ಲ. ಆಮೇಲೆ, ನೋಡಿ ಇದಕ್ಕೆ ಬೇಡಿಕೆಯೇ ಇಲ್ಲ ಎಂದು ತೆಗೆದುಹಾಕುವುದು ಸುಲಭ. ಅದೇ ಕಾರಣಕ್ಕೆ ಮುಂದೆ ಇಂಥ ಪುಸ್ತಕಗಳನ್ನು ಕೊಳ್ಳುವುದೂ ನಿಲ್ಲುತ್ತದೆ.

ಅಮೆರಿಕದಲ್ಲಿ ಸಲಿಂಗಿಗಳ ಹಕ್ಕಿಗಾಗಿ ಹೋರಾಡಿದ ಬಾರ್ಬರಾ ಗಿಟ್ಟಿಂಗ್ಸ್ ಅವರ ಕಥೆ ನಿಮಗೆ ಗೊತ್ತಿರಬಹುದು. 1940ರ ದಶಕದ ಕೊನೆಯಲ್ಲಿ ಅವರು ಕಾಲೇಜು ಹುಡುಗಿ. ತಾನು ಯಾರು ಅಂತ ತಿಳಿಯಲು ಗ್ರಂಥಾಲಯಗಳಲ್ಲಿ ಹುಡುಕಾಡಿದರು. ಸಿಕ್ಕಿದ್ದೆಲ್ಲ ಕಾಯಿಲೆ, ವಿಕೃತಿ ಅಂತ ಬರೆದ ಪುಸ್ತಕಗಳು. ಸಿಗುವುದಾದರೂ ಬೇರೆ ಏನು? ಪುಸ್ತಕಗಳನ್ನು ವಿಷಯದ ಪ್ರಕಾರ ಜೋಡಿಸಲು ಗ್ರಂಥಾಲಯಗಳು ಬಳಸುವ ಡ್ಯೂಯಿ ವರ್ಗೀಕರಣದ 1932ರ ಆವೃತ್ತಿ ಸಲಿಂಗ ಪ್ರೇಮವನ್ನು ಇಟ್ಟಿದ್ದೇ ಮಾನಸಿಕ ಅಸ್ವಸ್ಥತೆಗಳ ಸಾಲಿನಲ್ಲಿ. ಕಪಾಟಿನ ಜಾಗವೇ ಅವರಿಗೆ ನೀನು ರೋಗಿ ಅಂತ ಹೇಳುತ್ತಿತ್ತು. ಗಿಟ್ಟಿಂಗ್ಸ್ ಕೊನೆಗೆ ಹುಡುಕಿಕೊಂಡಿದ್ದು ಕಾದಂಬರಿಗಳನ್ನು. ಅವುಗಳಲ್ಲಿ ಬಹುಪಾಲು ದುಃಖದಲ್ಲೇ ಮುಗಿಯುತ್ತಿದ್ದರೂ ಅಲ್ಲಿ ತನ್ನಂಥ ಜನರಿದ್ದರು. ಮುಂದೆ ಅವರು ಅಮೆರಿಕದ ಗ್ರಂಥಾಲಯ ಸಂಘದೊಳಗೆ 1970ರಲ್ಲಿ ಶುರುವಾದ ಸಲಿಂಗಿಗಳ ಗುಂಪನ್ನು ಮುನ್ನಡೆಸಿದರು. ತಾವು ಗ್ರಂಥಪಾಲಕಿ ಅಲ್ಲದಿದ್ದರೂ ಗ್ರಂಥಾಲಯಗಳನ್ನು ಬದಲಾಯಿಸುವ ಕೆಲಸಕ್ಕೆ ವರ್ಷಗಟ್ಟಲೆ ದುಡಿದರು. ಆ ಕಪಾಟುಗಳು ರೋಗ ಅಂದಿದ್ದ ಸಲಿಂಗ ಪ್ರೇಮವನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಯಿಂದ ತೆಗೆದಿದ್ದು 1990ರಲ್ಲಿ. ಪುಸ್ತಕವನ್ನು ಎಲ್ಲಿ ಇಡುತ್ತೇವೆ ಅನ್ನುವುದು ಸಣ್ಣ ವಿಷಯ ಅಂತ ದಯವಿಟ್ಟು ಹೇಳಬೇಡಿ.

ಮಕ್ಕಳ ವಿಷಯಕ್ಕೆ ಬರುತ್ತೇನೆ. ದೂರು ಕೊಟ್ಟವರು ಒಬ್ಬ ತಾಯಿ. ನಿಮ್ಮ ಕಾಳಜಿ ನನಗೆ ಅರ್ಥವಾಗುತ್ತದೆ ಅಮ್ಮಾ. ನಿಮ್ಮ ಮಗಳು ಏನು ಓದಬೇಕು ಅಂತ ಅವಳ ಜೊತೆ ಕೂತು ಮಾತಾಡುವ ಹಕ್ಕು ನಿಮಗಿದೆ. ಬೇರೆಯವರ ಮಕ್ಕಳು ಏನು ಓದಬಾರದು ಅಂತ ನಿರ್ಧರಿಸುವ ಹಕ್ಕು ನಿಮಗಿಲ್ಲ. ಈ ಕಾದಂಬರಿ ಇದ್ದಿದ್ದು ದೊಡ್ಡವರ ಪ್ರೇಮ ಕಾದಂಬರಿಗಳ ವಿಭಾಗದಲ್ಲಿ, ಮಕ್ಕಳ ವಿಭಾಗದಲ್ಲಿ ಅಲ್ಲ. ಪುಸ್ತಕ ಓದಿ ಯಾರೂ ಸಲಿಂಗಿ ಆಗುವುದಿಲ್ಲ. ನಾನು ಬೆಳೆಯುವಾಗ ಓದಿದ್ದೆಲ್ಲ ಗಂಡು ಹೆಣ್ಣಿನ ಪ್ರೇಮಕಥೆಗಳನ್ನೇ, ಅವು ನನ್ನನ್ನು ಬದಲಾಯಿಸಲಿಲ್ಲ. ಒಂಟಿ ಅನ್ನುವ ಭಾವನೆಯನ್ನು ಮಾತ್ರ ಜಾಸ್ತಿ ಮಾಡಿದವು. ನಿಮ್ಮ ಮಗಳು ನನ್ನ ಹಾಗೆ ಇರಬೇಕಿಲ್ಲ. ಆದರೆ ಅವಳ ತರಗತಿಯಲ್ಲಿ ಯಾರೋ ಒಬ್ಬರು ಇರಬಹುದು. ಆ ಮಗುವಿನ ಪಕ್ಕದಲ್ಲಿ ಕೂರುವ ನಿಮ್ಮ ಮಗಳಿಗೂ ಇಂಥ ಕಥೆ ಬೇಕು. ರುಡೀನ್ ಸಿಮ್ಸ್ ಬಿಷಪ್ ಎಂಬ ವಿದ್ವಾಂಸೆ 1990ರಲ್ಲಿ ಬರೆದ ಹಾಗೆ, ಪುಸ್ತಕ ಕೆಲವರಿಗೆ ತಮ್ಮನ್ನೇ ತೋರಿಸುವ ಕನ್ನಡಿ, ಇನ್ನು ಕೆಲವರಿಗೆ ಬೇರೆಯವರ ಬದುಕನ್ನು ತೋರಿಸುವ ಕಿಟಕಿ.

ಮಕ್ಕಳ ಹೆಸರಲ್ಲಿ ಇಂಥದ್ದು ಶುರುವಾದರೆ ಎಲ್ಲಿಗೆ ಹೋಗುತ್ತದೆ ಅಂತ ಬೇರೆ ಕಡೆ ನೋಡಿದ್ದೇವೆ. ಬ್ರಿಟನ್ನಿನಲ್ಲಿ 1988ರಲ್ಲಿ ಸೆಕ್ಷನ್ 28 ಎಂಬ ಕಾನೂನು ಬಂತು. ಸ್ಥಳೀಯ ಆಡಳಿತಗಳು ಸಲಿಂಗ ಪ್ರೇಮವನ್ನು ‘ಪ್ರೋತ್ಸಾಹಿಸಬಾರದು’ ಅಂತ ಅದು ಹೇಳಿತು. ಅದರಡಿ ಯಾವ ಆಡಳಿತಕ್ಕೂ ಶಿಕ್ಷೆ ಆಗಲಿಲ್ಲ. ಆಗುವ ಅಗತ್ಯವೇ ಬೀಳಲಿಲ್ಲ, ಹೆದರಿಕೆಯೇ ಸಾಕಾಯಿತು. ಶಿಕ್ಷಕರು, ಗ್ರಂಥಪಾಲಕರು ತಾವಾಗಿಯೇ ಬಾಯಿ ಮುಚ್ಚಿಕೊಂಡರು. ಸ್ಕಾಟ್ಲೆಂಡಿನಲ್ಲಿ 2000ದಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2003ರಲ್ಲಿ ಅದು ರದ್ದಾಗುವ ಹೊತ್ತಿಗೆ ಒಂದಿಡೀ ಪೀಳಿಗೆ ಶಾಲೆ ಮುಗಿಸಿತ್ತು. ಹಂಗೇರಿಯಲ್ಲಿ 2021ರ ಕಾನೂನಿನ ನಂತರ ಇಂಥ ಪುಸ್ತಕಗಳನ್ನು ಪ್ಲಾಸ್ಟಿಕ್ ಹೊದಿಕೆ ಹಾಕಿ ಮಾರಬೇಕಾಯಿತು. ಹಾಗೆ ಮಾಡದ ಒಂದು ಪುಸ್ತಕ ಮಳಿಗೆಗಳ ಸಂಸ್ಥೆಗೆ 2023ರಲ್ಲಿ 1 ಕೋಟಿ 20 ಲಕ್ಷ ಫೋರಿಂಟ್ (ಅಲ್ಲಿನ ಹಣ) ದಂಡ ಹಾಕಿದರು. ಸಮಿತಿಯವರೇ, ನಿಮಗೆ ಇಂಥ ಯಾವ ಕಾನೂನಿನ ಒತ್ತಡವೂ ಇಲ್ಲ. ಒಂದು ದೂರು ಬಂದಿತ್ತು ಅಷ್ಟೇ.

ನಿಮ್ಮ ಗ್ರಂಥಾಲಯದ ಗೋಡೆಯ ಮೇಲೆ, ನಮ್ಮ ದೇಶದ ಹೆಸರಾಂತ ಗ್ರಂಥಾಲಯ ತಜ್ಞ ಎಸ್.ಆರ್. ರಂಗನಾಥನ್ ಅವರ ಐದು ಸೂತ್ರಗಳನ್ನು ನೀವೇ ಹಾಕಿಸಿದ್ದೀರಿ. ಅವರು 1931ರಲ್ಲಿ ಬರೆದಿದ್ದು. ಪ್ರತಿ ಓದುಗರಿಗೂ ಅವರ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗರು ಅನ್ನುವ ಎರಡು ಸೂತ್ರ ಅದರಲ್ಲಿವೆ. ಓದುಗರು ಕಪಾಟಿನ ಹತ್ತಿರ ತಾವೇ ಹೋಗಿ ಪುಸ್ತಕ ಆರಿಸಿಕೊಳ್ಳಬೇಕು ಎಂದು ಅವರು ಗಟ್ಟಿಯಾಗಿ ಹೇಳಿದ್ದರು. ಯುನೆಸ್ಕೊ ಮತ್ತು ಗ್ರಂಥಾಲಯಗಳ ಅಂತರರಾಷ್ಟ್ರೀಯ ಒಕ್ಕೂಟದ ಸಾರ್ವಜನಿಕ ಗ್ರಂಥಾಲಯ ಪ್ರಣಾಳಿಕೆಯೂ ಪುಸ್ತಕ ಸಂಗ್ರಹದ ಮೇಲೆ ಸೈದ್ಧಾಂತಿಕ, ರಾಜಕೀಯ ಅಥವಾ ಧಾರ್ಮಿಕ ಸೆನ್ಸಾರ್ ಇರಬಾರದು ಅನ್ನುತ್ತದೆ. ಇವನ್ನು ಒಪ್ಪಿಕೊಂಡೇ ನೀವು ಆ ಕುರ್ಚಿಯಲ್ಲಿ ಕೂತಿದ್ದೀರಿ ಅಂತ ನಾನು ನಂಬಿದ್ದೇನೆ.

ನಾನು ಕೇಳುತ್ತಿರುವುದು ಇಷ್ಟು. ಆ ಕಾದಂಬರಿಯನ್ನು ಪ್ರೇಮ ಕಾದಂಬರಿಗಳ ಕಪಾಟಿಗೆ, ಲೇಖಕಿಯ ಹೆಸರಿನ ಅಕ್ಷರಕ್ಕೆ ಎಲ್ಲಿ ಬರಬೇಕೋ ಅಲ್ಲಿಗೆ, ಯಾವ ಸ್ಟಿಕ್ಕರೂ ಇಲ್ಲದೆ ವಾಪಸ್ ತನ್ನಿ. ಪ್ರತ್ಯೇಕ ರಿಜಿಸ್ಟರನ್ನು ಇವತ್ತೇ ನಿಲ್ಲಿಸಿ, ಈಗಾಗಲೇ ಬರೆದಿರುವ ಹೆಸರುಗಳ ಪುಟಗಳನ್ನು ನಾಶ ಮಾಡಿ. ಇದು ಎಲ್ಲಕ್ಕಿಂತ ತುರ್ತು, ಬೇರೆ ತೀರ್ಮಾನಗಳಿಗೆ ಕಾಯಬೇಡಿ. ವಯಸ್ಸಿನ ನಿಯಮ ಬೇಕು ಅನ್ನಿಸಿದರೆ ಒಂದೇ ನಿಯಮ ಮಾಡಿ, ಗಂಡು ಹೆಣ್ಣಿನ ಕಥೆಗೂ ನಮ್ಮ ಕಥೆಗೂ ಅದೇ ಅನ್ವಯಿಸಲಿ. ಮುಂದೆ ಯಾರಾದರೂ ದೂರು ಕೊಟ್ಟರೆ, ಕೊಟ್ಟವರು ಪುಸ್ತಕ ಪೂರ್ತಿ ಓದಿರಬೇಕು, ಯಾವ ಭಾಗಕ್ಕೆ ಆಕ್ಷೇಪ ಅಂತ ಬರೆದು ಕೊಡಬೇಕು, ತೀರ್ಮಾನ ಮಾಡುವವರೂ ಪೂರ್ತಿ ಓದಿರಬೇಕು, ಅಲ್ಲಿಯವರೆಗೆ ಪುಸ್ತಕ ಕಪಾಟಿನಲ್ಲೇ ಇರಬೇಕು. ಬೀಗದೊಳಗಿದ್ದ ತಿಂಗಳುಗಳನ್ನು ಲೆಕ್ಕ ಹಿಡಿದು ಬೇಡಿಕೆ ಇಲ್ಲ ಅಂತ ಈ ಪುಸ್ತಕವನ್ನು ತೆಗೆದುಹಾಕಬೇಡಿ.

ಇದಕ್ಕೆ ಬರಹದಲ್ಲಿ ಉತ್ತರ ಕೊಡಿ. ಒಪ್ಪದಿದ್ದರೆ ಯಾಕೆ ಒಪ್ಪುವುದಿಲ್ಲ ಅಂತ ಕಾರಣ ಬರೆಯಿರಿ, ‘ಸೂಕ್ಷ್ಮ’ ಅನ್ನುವುದನ್ನು ಬಿಟ್ಟು. ಮುಂದಿನ ಸಭೆಗೂ ಓದುಗರನ್ನು ಕರೆಯಿರಿ, ದೂರು ಕೊಟ್ಟ ತಾಯಿಯನ್ನೂ ಕರೆಯಿರಿ. ಅಷ್ಟರಲ್ಲಿ ನೀವೆಲ್ಲ ಕಾದಂಬರಿಯನ್ನು ಓದಿ ಮುಗಿಸಿ ಬನ್ನಿ. ನಾನು ನನ್ನ ಪ್ರತಿ ಹಿಡಿದುಕೊಂಡು ಬರುತ್ತೇನೆ. ಯಾವ ಪುಟದ ಬಗ್ಗೆ ಬೇಕಾದರೂ ಮಾತಾಡಲು ತಯಾರಿದ್ದೇನೆ.

ಇಂತಿ,
ನಿಮ್ಮ ಗ್ರಂಥಾಲಯದ ಓದುಗರಲ್ಲಿ ಒಬ್ಬಳು